ಶ್ರಮೆಯೂ ಆಶೀರ್ವಾದವೂ

ಸಂಕಟ ಬಿದ್ದ ಮನೆಯಲ್ಲಿ ಕೇಳಿಬರುವ ಮಾತುಗಳಲ್ಲಿ ಎರಡು ಬಹಳ ಹಳೆಯವು. ಒಂದನ್ನು ನೆರೆಹೊರೆಯವರು ಆಡುತ್ತಾರೆ. ಇದು ಪೂರ್ವಜನ್ಮದ ಕರ್ಮ, ಇಲ್ಲವೆ ಹಿರಿಯರ ದೇವರನ್ನು ಬಿಟ್ಟದ್ದಕ್ಕೆ ಮಾರಮ್ಮನು ತೋರಿಸಿದ ಕೋಪ, ಎಂಬದಾಗಿ. ಇನ್ನೊಂದನ್ನು ಸಭೆಯವರಾದ ನಾವೇ ಆಡುತ್ತೇವೆ. ದೇವರು ನಿನ್ನ ಒಳ್ಳೇದಕ್ಕಾಗಿ ಇದನ್ನು ಕಳುಹಿಸಿದ್ದಾನೆ, ಶ್ರಮೆಯೇ ಆಶೀರ್ವಾದ, ಎಂಬದಾಗಿ. ಮೊದಲನೆಯದನ್ನು ಅಜ್ಞಾನವೆಂದು ತಳ್ಳಿಬಿಡುತ್ತೇವೆ. ಎರಡನೆಯದು ಭಕ್ತಿಯ ಮಾತೆಂದೇ ನಡೆದು ಬಂದಿದೆ. ಆದರೆ, ಪ್ರಿಯ ವಾಚಕರೇ, ಈ ಎರಡಕ್ಕೂ ನಡುವೆ ನಾವು ಎಣಿಸುವಷ್ಟು ದೂರ ಉಂಟೋ? ಎರಡೂ ಅಳುವವನ ಬಾಯನ್ನು ಮುಚ್ಚಿಸುತ್ತವೆ. ಎರಡೂ ಆಡಿದವನನ್ನು ನಿಶ್ಚಿಂತೆಯಿಂದ ಮನೆಗೆ ಕಳುಹಿಸುತ್ತವೆ.

ಈ ಪ್ರಶ್ನೆಯು ಮೈಸೂರು ಸೀಮೆಯ ಸಭೆಗಳ ಹುಟ್ಟಿನೊಂದಿಗೇ ಕೂಡಿಕೊಂಡಿದೆ. ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ, ಆರಂಭವಾದ ಕ್ಷಾಮವು 1878ರ ವರೆಗೂ ಈ ಸೀಮೆಯನ್ನು ಬಿಡಲಿಲ್ಲ. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನರು 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿದ್ದರು. ಇಂದು ಹಸುರಾಗಿ ಕಾಣುವ ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಆಗ ಕನ್ನಂಬಾಡಿಯ ಕಟ್ಟೆಯೂ ಇಲ್ಲ, ಅದರ ನಾಲೆಯೂ ಇಲ್ಲ. ಮಳೆ ಬಂದರೆ ಕೆರೆಗೆ ನೀರು, ಹೊಲಕ್ಕೆ ರಾಗಿ. ಬಾರದಿದ್ದರೆ ಏನೂ ಇಲ್ಲ. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಲ್ಲಿ ಕೆಲವರನ್ನು ಮಿಷನಿನವರು ಎತ್ತಿಕೊಂಡರು. ವೆಸ್ಲಿಯನ್ ಮಿಷನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಶಾಲೆಗಳನ್ನು ನಡೆಸಿದರು. ಅಲ್ಲಿ ಅನ್ನವೂ ಅಕ್ಷರವೂ ಕರ್ತನ ಹೆಸರೂ ಆ ಮಕ್ಕಳಿಗೆ ದೊರೆತವು.

ಹಾಗಾದರೆ ಆ ಕ್ಷಾಮವನ್ನು ಆಶೀರ್ವಾದವೆಂದು ಕರೆಯೋಣವೋ? ಕೆಲವು ಮಕ್ಕಳು ಸಭೆಗೆ ಸೇರಲೆಂದು ದೇವರು ಲಕ್ಷಾಂತರ ತಾಯಂದಿರನ್ನು ಹಸಿವಿನಿಂದ ಸಾಯಿಸಿದನೆಂದು ಹೇಳುವ ಧೈರ್ಯ ನಮಗಿಲ್ಲ. ಹಾಗೆ ಹೇಳುವವರು ದೇವರ ಹೆಸರಿಗೆ ಮಾಡುವ ಅವಮಾನವು ದೊಡ್ಡದು. ಹಸಿವು ಹಸಿವೇ. ಎತ್ತಿಕೊಂಡ ಕೈಯಲ್ಲಿ ಆಶೀರ್ವಾದವಿತ್ತು, ಬರಿದಾದ ಮಡಕೆಯಲ್ಲಿ ಅಲ್ಲ.

ನಮ್ಮ ಕಡೆ ಪ್ರಸಂಗಗಳಲ್ಲಿ ಕಬ್ಬಿನ ಉಪಮಾನವು ಸುಲಭವಾಗಿ ಬರುತ್ತದೆ. ಗಾಣಕ್ಕೆ ಕೊಡದೆ ರಸವಿಲ್ಲ, ಕೊಪ್ಪರಿಗೆಯಲ್ಲಿ ಕಾಯಿಸದೆ ಬೆಲ್ಲವಿಲ್ಲ, ಎನ್ನುತ್ತಾರೆ. ಆಲೆಮನೆಯ ಪಕ್ಕದಲ್ಲಿ ಬಾಳುವ ಜನರಿಗೆ ಇದು ಬೇಗನೆ ತಿಳಿಯುತ್ತದೆ, ನಿಜ. ಆದರೆ ಕಬ್ಬಿಗೆ ನೋವಿಲ್ಲ. ಗಾಣದಿಂದ ಹೊರಬಿದ್ದ ಸಿಪ್ಪೆಯು ಒಲೆಗೆ ಹೋಗುತ್ತದೆ; ಮನುಷ್ಯನನ್ನು ಹಾಗೆ ಹಿಂಡಿ ಒಲೆಗೆ ಹಾಕುವವನು ನಮ್ಮ ಪರಲೋಕದ ತಂದೆಯಲ್ಲ. ಇನ್ನೂ ಒಂದು ಸಂಗತಿ. ಶ್ರಮೆಯು ಲಾಭವೆಂದು ಉಪದೇಶಿಸುವವರು ಬಹುಮಟ್ಟಿಗೆ ಹೊಟ್ಟೆ ತುಂಬಿದವರೇ ಆಗಿರುತ್ತಾರೆ, ಮತ್ತು ಆ ಉಪದೇಶವು ಕೂಲಿಯನ್ನು ಹಿಡಿದಿಟ್ಟ ಯಜಮಾನನಿಗೆ ಬಹಳ ಹಿತವಾಗಿರುತ್ತದೆ.

ಯೋಬನ ಮೂವರು ಸ್ನೇಹಿತರನ್ನು ನೋಡಿರಿ. ಅವರು ಬಂದು ಏಳು ದಿವಸ ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ್ದರಲ್ಲಿ ಒಳ್ಳೇ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ದೇವರ ನ್ಯಾಯವನ್ನು ಸಮರ್ಥಿಸುವುದಕ್ಕೆ ಹೋಗಿ ಸ್ನೇಹಿತನನ್ನು ಪಾಪಿಯನ್ನಾಗಿ ಮಾಡಿದರು. ಕಡೆಯಲ್ಲಿ ಗದರಿಕೆ ಯಾರಿಗೆ ಬಂತು? ಗೊಣಗಿದ, ವಾದಿಸಿದ, ಹುಟ್ಟಿದ ದಿನವನ್ನೇ ಶಪಿಸಿದ ಯೋಬನು ಸರಿಯಾಗಿ ಮಾತಾಡಿದನೆಂದೂ ಭಕ್ತರಂತೆ ತೋರಿದ ಸ್ನೇಹಿತರು ತಪ್ಪಿದರೆಂದೂ ದೇವರು ತೀರ್ಪುಕೊಟ್ಟನು. ಹುಟ್ಟುಕುರುಡನನ್ನು ಕಂಡಾಗಲೂ ಶಿಷ್ಯರು ಪಾಪ ಯಾರದು ಎಂದು ವಿಚಾರಿಸಿದರು. ಯೇಸುಸ್ವಾಮಿಯು ಅವನದೂ ಅಲ್ಲ, ಅವನ ಹೆತ್ತವರದೂ ಅಲ್ಲ, ಎಂದು ಹೇಳಿ, ಉಗುಳಿ ಕೆಸರು ಮಾಡಿ ಅವನ ಕಣ್ಣಿಗೆ ಹಚ್ಚಿದನು. ಬಾಧೆಯನ್ನು ತೆಗೆಯುವುದಕ್ಕೆ ಸಾಧ್ಯವಿದ್ದಲ್ಲಿ ತೆಗೆಯುವುದೇ ಆತನ ರೀತಿ. ಕನ್ನಂಬಾಡಿಯ ನಾಲೆಯ ನೀರು ಮಂಡ್ಯದ ಗದ್ದೆಗಳಿಗೆ ಹರಿದಾಗ ಅದರ ಹಿಂದೆಯೇ ಸೊಳ್ಳೆಯೂ ಚಳಿಜ್ವರವೂ ಬಂದವು. ಆಗ ಕ್ವಿನೈನ್ ನುಂಗಿದವನು ನಂಬಿಕೆಯಲ್ಲಿ ಕಡಿಮೆಯಾದವನೋ?

ತೆಗೆಯಲಾಗದ ಬಾಧೆಯೂ ಉಂಟು. ಪೌಲನು ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡನು. ಬೇಡಿದ್ದು ಪಾಪವಾಗಲಿಲ್ಲ, ಮುಳ್ಳು ಹೋಗಲೂ ಇಲ್ಲ. ಬಲಹೀನತೆಯಲ್ಲೇ ಕೃಪೆಯು ಸಾಕಾಗುತ್ತದೆಂಬ ಉತ್ತರವು ಅವನಿಗೆ ದೊರೆಯಿತು. ಆ ಉತ್ತರವನ್ನು ಅವನು ತನ್ನ ಮುಳ್ಳಿನ ವಿಷಯವಾಗಿ ಬರೆದನು, ಪಕ್ಕದವನ ಮುಳ್ಳಿನ ವಿಷಯವಾಗಿ ಅಲ್ಲ. ಶ್ರಮೆಯಲ್ಲಿ ನನಗೆ ಆಶೀರ್ವಾದ ದೊರೆಯಿತೆಂಬುದು ಸಾಕ್ಷಿ. ನಿನಗೆ ದೊರೆಯುತ್ತದೆ, ಅಳಬೇಡ ಎಂಬುದು ಅನೇಕ ವೇಳೆ ಕ್ರೂರತನ. ಎದ್ದು ಬಂದ ಕರ್ತನ ಕೈಗಳಲ್ಲಿ ಗಾಯದ ಗುರುತುಗಳು ಉಳಿದಿದ್ದವು. ತೋಮನು ಅವನ್ನು ಕಂಡನು. ಗಾಯವು ಒಳ್ಳೇದಾಯಿತೆಂದು ಅದರ ಅರ್ಥವಲ್ಲ, ಗಾಯಗೊಂಡವನು ಸೋಲಲಿಲ್ಲವೆಂದು.

2015ರ ವರ್ಷವನ್ನು ಈ ಜಿಲ್ಲೆಯವರು ಮರೆತಿಲ್ಲ. ಸಕ್ಕರೆಯ ಬೆಲೆ ಬಿದ್ದು, ಕಾರ್ಖಾನೆಗಳಿಂದ ಬರಬೇಕಾದ ಹಣ ಬಾರದೆ, ಸಾಲದಲ್ಲಿ ಮುಳುಗಿ, ಕಬ್ಬು ಬೆಳೆದ ರೈತರಲ್ಲಿ ಕೆಲವರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಅಂಥ ಮನೆಗೆ ಹೋಗಿ ಸತ್ತವನ ಪಾಪವನ್ನು ತೂಗುವವರು ಯೋಬನ ಸ್ನೇಹಿತರ ಸಾಲಿಗೆ ಸೇರುತ್ತಾರೆ. ಆ ಮನೆಯವರು ಸಭೆಯವರೋ ಅಲ್ಲವೋ ಎಂದು ಕೇಳುವ ಹೊತ್ತೂ ಅದಲ್ಲ. ದಾರಿಯಲ್ಲಿ ಬಿದ್ದವನ ಕುಲವನ್ನು ಸಮಾರ್ಯದವನು ಕೇಳಲಿಲ್ಲ. ಅಂಥ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ. ಮುದ್ದೆಯನ್ನೂ ಸಾರನ್ನೂ ಒಯ್ಯಬೇಕು. ಕೂತಿರಬೇಕು. ಅನಂತರ ಸರಕಾರದ ಪರಿಹಾರಕ್ಕೆ ಅರ್ಜಿ, ಪಹಣಿ, ಮರಣಪತ್ರ, ಸಾಲದ ಕಾಗದಗಳು ಬೇಕಾಗುತ್ತವೆ. ಕೈಸಾಲಕ್ಕೆ ಕಾಗದವೇ ಇರುವುದಿಲ್ಲವಾದ್ದರಿಂದ ಅದನ್ನು ವಿವರಿಸಿ ಹೇಳಬಲ್ಲವರೊಬ್ಬರು ತಾಲ್ಲೂಕು ಕಚೇರಿಯಲ್ಲಿ ಆ ವಿಧವೆಯ ಪಕ್ಕದಲ್ಲಿ ನಿಂತಿರಬೇಕು, ಒಂದೇ ದಿನವಲ್ಲ, ಕೆಲಸ ಮುಗಿಯುವ ವರೆಗೆ.