ಹಳೆಯ ಗಾಡಿ, ಹೊಸ ಸ್ವಿಚ್ಚು

ಹಳೆಯ ವಸ್ತುವಿನ ಮೇಲಿನ ಮೋಹ ಗುಣವೋ ದೋಷವೋ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಗುಜರಿಗೆ ಹಾಕದೆ ಉಳಿಸಿಕೊಂಡವರನ್ನು ನಾವು ಮೆಚ್ಚುತ್ತೇವೆ. ತಳ ತೂತುಬಿದ್ದ ಮೇಲೂ ಅದರಲ್ಲಿಯೇ ನೀರು ಕಾಯಿಸುತ್ತೇನೆಂದು ಹಠ ಹಿಡಿದವರನ್ನು ಕಂಡರೆ ನಗುತ್ತೇವೆ. ಮೆಚ್ಚುಗೆ ಮುಗಿದು ನಗು ಮೊದಲಾಗುವ ಗೆರೆ ಎಲ್ಲಿದೆ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಯಾವ ಶಾಸ್ತ್ರಗ್ರಂಥದಿಂದಲೂ ಅಲ್ಲ. ಒಂದು ಹಳೆಯ ವ್ಯಾನಿನ ಇಗ್ನಿಷನ್ ಸ್ವಿಚ್ಚಿನಿಂದ.

ಬೆಂಗಳೂರಿನಲ್ಲಿರುವ ನನ್ನ ಮಿತ್ರರೊಬ್ಬರ ಬಳಿ 1966ರ ಫೋಕ್ಸ್‌ವ್ಯಾಗನ್ ವ್ಯಾನೊಂದಿದೆ. ಮುಂದಿನ ಗಾಜು ಎರಡು ಹೋಳಾಗಿರುವ, ಎಂಜಿನು ಹಿಂಭಾಗದಲ್ಲಿರುವ, ದುಂಡುಮುಖದ ಗಾಡಿ. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವರ್ತಕನೊಬ್ಬ ಒಂದು ಪುಟದ ಮೇಲೆ ಗೀಚಿದ ಚಿತ್ರದಿಂದ ಈ ಜಾತಿಯ ವ್ಯಾನು ಹುಟ್ಟಿತು. 1950ರಲ್ಲಿ ಜರ್ಮನಿಯಲ್ಲಿ ಇದರ ತಯಾರಿಕೆ ಆರಂಭವಾಯಿತು. ಇದರ ಮುಂದಿನ ಪೀಳಿಗೆಯೊಂದು ಬ್ರೆಜಿಲಿನಲ್ಲಿ 2013ರವರೆಗೂ ತಯಾರಾಗುತ್ತಲೇ ಇತ್ತು. ಇಷ್ಟು ದೀರ್ಘಾಯುಸ್ಸಿನ ವಂಶಕ್ಕೆ ಸೇರಿದ್ದೆಂಬ ಅಭಿಮಾನ ಆ ವ್ಯಾನಿಗೆ ಇದೆಯೋ ಇಲ್ಲವೋ, ಅದರ ಒಡೆಯರಿಗಂತೂ ಧಾರಾಳವಾಗಿದೆ.

ಈ ವ್ಯಾನಿಗೆ ಒಂದು ಕಾಯಿಲೆ ಅಂಟಿಕೊಂಡಿತು. ಕೀಲಿ ತಿರುಗಿಸಿದರೆ ಒಮ್ಮೊಮ್ಮೆ ಎಂಜಿನು ಏಳುತ್ತಿತ್ತು, ಒಮ್ಮೊಮ್ಮೆ ಬರಿಯ ‘ಟಕ್’ ಎಂಬ ಶಬ್ದ. ದೋಷ ಬ್ಯಾಟರಿಯಲ್ಲಿ ಇರಲಿಲ್ಲ. ಕೀಲಿ ತೂರುವ ಬೀಗದ ಬೆನ್ನ ಹಿಂದೆ, ನಮ್ಮ ಕಣ್ಣಿಗೆ ಬೀಳದ ಹಾಗೆ, ಒಂದು ಸಣ್ಣ ಸ್ವಿಚ್ಚು ಕುಳಿತಿರುತ್ತದೆ. ಜರ್ಮನರು ಅದರ ಒಂದೊಂದು ಕಾಲಿಗೂ ಸಂಖ್ಯೆ ಕೊಟ್ಟಿದ್ದಾರೆ. 30 ಎಂದರೆ ಬ್ಯಾಟರಿಯಿಂದ ಬರುವ ತಂತಿ, 15 ಎಂದರೆ ಎಂಜಿನಿನ ಕಿಡಿಗೆ ಹೋಗುವ ತಂತಿ, 50 ಎಂದರೆ ಸ್ಟಾರ್ಟರಿಗೆ ಹೋಗುವ ತಂತಿ. ಕೀಲಿ ತಿರುಗಿದಾಗ ಒಳಗಿನ ಲೋಹದ ತುಂಡೊಂದು ಸರಿದು ಇವುಗಳನ್ನು ಕೂಡಿಸುತ್ತದೆ. ಕೂಡಿಸುವಾಗಲೂ ಅಗಲಿಸುವಾಗಲೂ ಸಣ್ಣದೊಂದು ಕಿಡಿ ಹಾರಿ ಲೋಹ ಕೂದಲೆಳೆಯಷ್ಟು ಸುಡುತ್ತದೆ. ಅರ್ಧ ಶತಮಾನಕ್ಕೂ ಮಿಕ್ಕಿ ಸುಡುತ್ತಾ ಬಂದರೆ ಸ್ಪರ್ಶ ಸಡಿಲವಾಗದೆ ಇರುತ್ತದೆಯೆ?

ಮಿತ್ರರು ಇದಕ್ಕೊಂದು ಉಪಾಯ ಕಂಡುಕೊಂಡರು. ಕೀಲಿಯನ್ನು ಕೊಂಚ ಮೇಲಕ್ಕೆತ್ತಿ, ಎಡಕ್ಕೆ ಒತ್ತಿ, ಆಮೇಲೆ ತಿರುಗಿಸಬೇಕು. “ಇದು ನನ್ನ ಕೈ ಮಾತ್ರ ಕೇಳುತ್ತೆ ಕಣ್ರೀ” ಎಂದು ಅವರು ಹೇಳುವಾಗ, ಹಾಯುವ ಹಸುವೊಂದು ತನಗೆ ಮಾತ್ರ ಹಾಲು ಕೊಡುತ್ತದೆಂದು ಹೇಳಿಕೊಳ್ಳುವ ಒಕ್ಕಲಿಗನ ಹೆಮ್ಮೆ ಅವರ ಮುಖದಲ್ಲಿ ಕಾಣುತ್ತಿತ್ತು. ಒಂದು ಭಾನುವಾರ ಅವರ ಮಗಳು ಆ ವ್ಯಾನನ್ನು ನಂದಿಬೆಟ್ಟಕ್ಕೆ ಓಡಿಸಿಕೊಂಡು ಹೋದಳು. ಏರಿನ ಒಂದು ತಿರುವಿನಲ್ಲಿ ಕೀಲಿಗೊಂಚಲು ಕುಲುಕಿದ ಮಾತ್ರಕ್ಕೆ ಸ್ವಿಚ್ಚು ಕೈಬಿಟ್ಟಿತು, ಎಂಜಿನು ನಿಂತಿತು, ಹಿಂದೆ ಬಸ್ಸು ಬರುತ್ತಿತ್ತು. ಹುಡುಗಿ ಧೈರ್ಯವಂತೆ, ಕೈಬ್ರೇಕು ಎಳೆದು ನಿಲ್ಲಿಸಿದಳು. ಬಸ್ಸಿನ ಚಾಲಕನೂ ಎಚ್ಚರದಿಂದಿದ್ದ. ಯಾರಿಗೂ ಏನೂ ಆಗಲಿಲ್ಲ. ಆದರೆ ತಂದೆಯ ಕೈಚಳಕ ಮಗಳಿಗೆ ಆಸ್ತಿಯಾಗಿ ಬರಲಿಲ್ಲ. ಆ ಚಳಕದ ಮರೆಯಲ್ಲಿ ಅಡಗಿದ್ದ ದೋಷ ಮಾತ್ರ ಬಂತು.

ಇಷ್ಟಾದ ಮೇಲೂ ಮಿತ್ರರು ಸ್ವಿಚ್ಚು ಬದಲಾಯಿಸಲು ಹಿಂದೆಮುಂದೆ ನೋಡಿದರು. ಅವರ ವಾದದಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ. ನಮ್ಮ ಸರ್ಕಾರ 2021ರಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪದವಿಯನ್ನೂ ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆಯನ್ನೂ ಕೊಡುವ ಏರ್ಪಾಟು ಮಾಡಿತು. ಗಾಡಿ ತನ್ನ ಮೂಲರೂಪದಲ್ಲಿಯೇ ಇರಬೇಕೆಂಬುದು ಅದರ ಕಟ್ಟಳೆ. “ಇವತ್ತು ಸ್ವಿಚ್ಚು, ನಾಳೆ ತಂತಿ, ನಾಡಿದ್ದು ಬಾಗಿಲು. ಎಲ್ಲಾ ಬದಲಾದ ಮೇಲೆ ಉಳಿಯೋದು ಯಾವ ವ್ಯಾನು?” ಎಂದು ಅವರು ಕೇಳಿದರು. ಗ್ಯಾರೇಜಿನ ಮೆಕ್ಯಾನಿಕ್ಕು ಬೇರೊಂದು ದಾರಿ ತೋರಿಸಿದ: “ಹಳೇದನ್ನ ಹಂಗೇ ಬಿಡೋಣ ಸಾರ್. ಒಳಗಡೆ ತಂತಿ ನೇರ ಜೋಡಿಸಿ, ಕೆಳಗೊಂದು ಬಟನ್ ಇಟ್ಟುಬಿಡ್ತೀನಿ. ನೋಡೋವ್ರಿಗೆ ಏನೂ ಗೊತ್ತಾಗಲ್ಲ.”

ಮಿತ್ರರ ಪ್ರಶ್ನೆ ಬಹಳ ಹಳೆಯದು. ಗ್ರೀಕ್ ಅರಸ ಮಿಲಿಂದನಿಗೂ ಬೌದ್ಧ ಭಿಕ್ಷು ನಾಗಸೇನನಿಗೂ ನಡೆದ ಸಂವಾದವೆಂದು ಪಾಲಿ ಭಾಷೆಯ ‘ಮಿಲಿಂದಪನ್ಹ’ದಲ್ಲಿ ಒಂದು ಪ್ರಸಂಗ ಬರುತ್ತದೆ. ರಥದಲ್ಲಿ ಬಂದ ಅರಸನನ್ನು ಭಿಕ್ಷು ಕೇಳುತ್ತಾನೆ: ಅಚ್ಚು ರಥವೆ? ಚಕ್ರ ರಥವೆ? ನೊಗ ರಥವೆ? ಯಾವುದೊಂದೂ ಅಲ್ಲವೆಂದು ಅರಸ ಒಪ್ಪುತ್ತಾನೆ. ಹಾಗಾದರೆ ರಥವೆಂಬುದು ಈ ಎಲ್ಲ ಭಾಗಗಳನ್ನು ಆಶ್ರಯಿಸಿ ನಾವು ಇಟ್ಟುಕೊಂಡ ಹೆಸರು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಈ ಲೆಕ್ಕದಲ್ಲಿ ಸ್ವಿಚ್ಚೂ ವ್ಯಾನಲ್ಲ. ನಮ್ಮ ನಿಯಮ ರೂಪಿಸಿದವರು ನಾಗಸೇನನಷ್ಟು ದೂರ ಹೋಗಿಲ್ಲ. ಚಾಸಿ, ಮೈಕಟ್ಟು, ಎಂಜಿನು ಇವುಗಳಲ್ಲಿ ಮಾರ್ಪಾಡಾಗಿರಬಾರದೆಂದು ಅವರು ಬೇಲಿ ಹಾಕಿದ್ದಾರೆ. ಅಲ್ಲಿ ಸ್ವಿಚ್ಚಿನ ಹೆಸರಿಲ್ಲ. ನಮ್ಮ ಊರುಗಳ ತೇರುಗಳನ್ನೇ ನೋಡಿ. ಗೆದ್ದಲು ಹಿಡಿದ ಗಾಲಿಯನ್ನು ತೆಗೆದು ಹೊಸ ಗಾಲಿ ಹೂಡಿದರೆ ದೇವರ ತೇರು ಬೇರೆಯಾಯಿತೆಂದು ಯಾರೂ ಹೇಳುವುದಿಲ್ಲ. ಮುರುಕು ಗಾಲಿಯ ಮೇಲೆ ಎಳೆದು ಜನರ ಕಾಲ ಮೇಲೆ ಹಾಯಿಸಿದರೆ ಮಾತ್ರ ಊರು ಕ್ಷಮಿಸುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಮಿತ್ರರ ಪ್ರಶ್ನೆಯಲ್ಲ, ಮೆಕ್ಯಾನಿಕ್ಕಿನ ಉತ್ತರ. “ನೋಡೋವ್ರಿಗೆ ಏನೂ ಗೊತ್ತಾಗಲ್ಲ” ಎಂಬುದು ಎಷ್ಟು ಸುಲಭವಾದ ಮಾತು! ಇದರ ಬೆಲೆ ಎಷ್ಟಾಗಬಹುದೆಂಬುದಕ್ಕೆ ಇಗ್ನಿಷನ್ ಸ್ವಿಚ್ಚಿನದೇ ಒಂದು ಕಥೆ ಇದೆ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ದುರಸ್ತಿಗೆಂದು ಹಿಂದಕ್ಕೆ ಕರೆಸಿಕೊಂಡಿತು. ಆ ಕಾರುಗಳ ಸ್ವಿಚ್ಚಿನಲ್ಲಿ ಕೀಲಿಯನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಬಿಗಿ ಸಾಲದಾಗಿತ್ತು. ಕೀಲಿಗೊಂಚಲು ಭಾರವಾಗಿದ್ದರೆ, ಇಲ್ಲವೆ ಮೊಣಕಾಲು ತಗುಲಿದರೆ, ಓಡುತ್ತಿರುವಾಗಲೇ ಕೀಲಿ ಜಾರಿ ಎಂಜಿನು ನಿಲ್ಲುತ್ತಿತ್ತು. ಅಪಘಾತವಾದರೆ ಪ್ರಾಣ ಉಳಿಸಬೇಕಾದ ಗಾಳಿಚೀಲವೂ ಅರಳುತ್ತಿರಲಿಲ್ಲ. ದುರಸ್ತಿಯಾಗುವವರೆಗೆ ಗೊಂಚಲನ್ನು ತೆಗೆದು ಒಂಟಿ ಕೀಲಿಯನ್ನಷ್ಟೇ ಬಳಸಿರೆಂದು ಸಂಸ್ಥೆ ಜನರಿಗೆ ಹೇಳಬೇಕಾಯಿತು. ಪರಿಹಾರಕ್ಕಾಗಿ ಸ್ಥಾಪಿಸಿದ ನಿಧಿ 124 ಸಾವುಗಳನ್ನು ಈ ದೋಷದ ಲೆಕ್ಕಕ್ಕೆ ಸೇರಿಸಿತು.

ಇದರಲ್ಲಿ ಅತ್ಯಂತ ವಿಷಾದದ ಸಂಗತಿ ದೋಷವಲ್ಲ. ಮನುಷ್ಯನ ಕೈಕೆಲಸದಲ್ಲಿ ದೋಷ ಸಹಜ. 2006ರಷ್ಟು ಹಿಂದೆಯೇ ಆ ಸ್ವಿಚ್ಚನ್ನು ತಿದ್ದಿ ಬಿಗಿಮಾಡಲಾಗಿತ್ತು. ಆದರೆ ಬಿಡಿಭಾಗದ ಸಂಖ್ಯೆಯನ್ನು ಬದಲಾಯಿಸಿರಲಿಲ್ಲ. ಹಳೆಯ ಸ್ವಿಚ್ಚಿಗೂ ಹೊಸ ಸ್ವಿಚ್ಚಿಗೂ ಒಂದೇ ಹೆಸರು, ಒಂದೇ ಅಂಕಿ. ಹೊಸ ಕಾರುಗಳಲ್ಲಿ ಇಲ್ಲದ ತೊಂದರೆ ಹಳೆಯವುಗಳಲ್ಲಿ ಏಕೆ ಎಂದು ಹುಡುಕಿದವರಿಗೆ ವರ್ಷಗಟ್ಟಲೆ ಉತ್ತರ ಸಿಗಲಿಲ್ಲ. ಕಾಗದದ ಮೇಲೆ ಏನೂ ಬದಲಾಗಿರಲಿಲ್ಲವಲ್ಲ! ತಿದ್ದಿದ್ದು ತಪ್ಪಲ್ಲ, ತಿದ್ದಿದೆವೆಂದು ಹೇಳದೆ ಹೋದದ್ದು ತಪ್ಪು. ರೋಗ ಇತ್ತೆಂಬುದನ್ನು ಮರೆಮಾಡಿದ ಚಿಕಿತ್ಸೆ ಮುಂದಿನವರನ್ನು ಉಳಿಸಿತು, ಹಿಂದಿನವರನ್ನು ಅವರ ಹಣೆಬರಹಕ್ಕೆ ಬಿಟ್ಟಿತು.

ನಾನು ಯೋಚಿಸಿದಂತೆ ಹಳೆಯ ವಸ್ತುವಿನ ಬಗ್ಗೆ ನಮ್ಮಿಂದ ಆಗಬಹುದಾದ ಅಪಚಾರ ಎರಡು. ಒಂದು, ಅದರ ದೋಷಕ್ಕೆ ಒಗ್ಗಿಹೋಗುವುದು. ಎರಡು, ಅದನ್ನು ಬದಲಾಯಿಸಿ, ಬದಲಾಯಿಸಿಲ್ಲವೆಂಬಂತೆ ನಟಿಸುವುದು. ಇವೆರಡೂ ವ್ಯಾನಿಗೆ ಮಾತ್ರ ಸಂಬಂಧಿಸಿದವಲ್ಲ. ಎಷ್ಟು ಮನೆಗಳಲ್ಲಿ ಹಿರಿಯರೊಬ್ಬರ ಮುಂಗೋಪಕ್ಕೆ ಮನೆಮಂದಿಯೆಲ್ಲ ಒಗ್ಗಿಕೊಂಡು, “ಅವರನ್ನ ಹೀಗೆ ಮಾತಾಡಿಸಬೇಕು, ಹಾಗೆ ಮಾತಾಡಿಸಬಾರದು” ಎಂಬ ಕೈಚಳಕ ಕಲಿತಿರುವುದಿಲ್ಲ! ಹೊಸದಾಗಿ ಬಂದ ಸೊಸೆಗೆ ಆ ಚಳಕ ಗೊತ್ತಿಲ್ಲದೆ ಪೆಟ್ಟು ಬೀಳುವುದು ಅವಳಿಗೆ. ಎಷ್ಟು ಕಚೇರಿಗಳಲ್ಲಿ ಒಬ್ಬ ಗುಮಾಸ್ತರಿಗೆ ಮಾತ್ರ ತಿಳಿದ ವಕ್ರದಾರಿಯಲ್ಲಿ ಕಡತ ಸಾಗುವುದಿಲ್ಲ! ಅವರು ನಿವೃತ್ತರಾದ ದಿನ ಕಚೇರಿಯೇ ಏರಿನ ತಿರುವಿನಲ್ಲಿ ನಿಂತ ವ್ಯಾನಾಗುತ್ತದೆ. ದೋಷವನ್ನು ಸಹಿಸುವ ಜಾಣತನ ಸಹಿಸುವವನನ್ನು ಕಾಯಬಹುದು. ಅದನ್ನು ಅರಿಯದೆ ಕೀಲಿ ಹಿಡಿಯುವ ಮುಂದಿನವನನ್ನು ಕಾಯಲಾರದು.

ಕಡೆಗೆ ಮಿತ್ರರು ಒಪ್ಪಿದರು. ನನ್ನ ತರ್ಕಕ್ಕಿಂತ ಮಗಳ ಮೌನವೇ ಹೆಚ್ಚು ಕೆಲಸ ಮಾಡಿತೆಂದು ನನ್ನ ಊಹೆ. ಜೆ. ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿ, ಇದಕ್ಕೆ ಹೊಂದುವ ಹೊಸ ಸ್ವಿಚ್ಚನ್ನು ಹುಡುಕಿ ತಂದದ್ದಾಯಿತು. ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಒಂದೊಂದು ತಂತಿಗೂ ಅದರ ಸಂಖ್ಯೆ ಬರೆದ ಚೀಟಿ ಕಟ್ಟಿ, ಹಳೆಯದನ್ನು ಬಿಚ್ಚಿ, ಅದೇ ಕ್ರಮದಲ್ಲಿ ಹೊಸದನ್ನು ಕೂರಿಸಿದರು. ಬೀಗ ಹಳೆಯದೇ ಉಳಿಯಿತು, ಕೀಲಿಯೂ ಹಳೆಯದೇ. ಅದರ ಹಿಂದಿನ ಸ್ವಿಚ್ಚು ಮಾತ್ರ ಹೊಸದು. ಬಿಚ್ಚಿದ ಸ್ವಿಚ್ಚನ್ನು ಒಂದು ತಗಡಿನ ಡಬ್ಬಿಯಲ್ಲಿಟ್ಟು, ವ್ಯಾನಿನ ಪುಸ್ತಕದಲ್ಲಿ ತಾರೀಖು ಹಾಕಿ, ಯಾವುದನ್ನು ಏಕೆ ಬದಲಾಯಿಸಿದೆವೆಂದು ಬರೆದಿಡಿರೆಂದು ನಾನು ಹೇಳಿದೆ. ಅವರು ಬರೆದರು. ನನ್ನ ಮಟ್ಟಿಗೆ ಆ ಎರಡು ಸಾಲು ಸ್ವಿಚ್ಚಿನಷ್ಟೇ ಮುಖ್ಯವಾದ ದುರಸ್ತಿ.

ಸ್ವಿಚ್ಚು ಎಂಬುದು ವಿಚಿತ್ರವಾದ ಪದಾರ್ಥ. ಅದು ಶಕ್ತಿಯನ್ನು ಹುಟ್ಟಿಸುವುದಿಲ್ಲ, ಗಾಡಿಯನ್ನು ಎಳೆಯುವುದಿಲ್ಲ. ‘ಹೌದು’ ಎಂದಾಗ ಹೌದೆನ್ನುವುದು, ‘ಇಲ್ಲ’ ಎಂದಾಗ ಇಲ್ಲವೆನ್ನುವುದು, ಇಷ್ಟೇ ಅದರ ಕೆಲಸ. ಹೌದು ಇಲ್ಲಗಳ ನಡುವೆ ತಡವರಿಸತೊಡಗಿದ ದಿನ, ಅದು ಎಷ್ಟೇ ಮೂಲದ್ದಾಗಿದ್ದರೂ ಸ್ವಿಚ್ಚಾಗಿ ಉಳಿಯುವುದಿಲ್ಲ. ಸ್ವಿಚ್ಚಿನ ಆಕಾರದ ಲೋಹವಾಗಿ ಉಳಿಯುತ್ತದೆ. ಹಿಂದಿನವರು ಬಿಟ್ಟುಹೋದದ್ದನ್ನು ಉಳಿಸಿಕೊಳ್ಳುವುದೆಂದರೆ ಅದರ ಲೋಹವನ್ನು ಉಳಿಸಿಕೊಳ್ಳುವುದಷ್ಟೇ ಅಲ್ಲ, ಅದು ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು. ಮಾತು ಉಳಿಯಬೇಕಾದರೆ ಕೆಲವೊಮ್ಮೆ ಲೋಹ ಬದಲಾಗಬೇಕಾಗುತ್ತದೆ. ಬದಲಾದದ್ದನ್ನು ಮುಂದೆ ಕೀಲಿ ಹಿಡಿಯುವವರಿಗೆ ತಿಳಿಯುವಂತೆ ಹೇಳಿಬಿಟ್ಟರೆ ಹಳೆಯದಕ್ಕೂ ಅವಮಾನವಾಗುವುದಿಲ್ಲ, ಹೊಸದಕ್ಕೂ ನಾಚಿಕೆಪಡುವ ಕಾರಣವಿರುವುದಿಲ್ಲ.