ಕೊನೆಯ ಪಣ ಯಾರದು?

ಪಣವೊಡ್ಡುವುದು ಮನುಷ್ಯನಿಗೆ ಹೊಸತಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜುಗಾರನೊಬ್ಬನ ಅಳಲನ್ನು ಹೇಳುವ ಸೂಕ್ತವಿದೆ. ದಾಳವನ್ನು ಬಿಟ್ಟು ಹೊಲವನ್ನು ಉಳು ಎಂಬುದು ಅದರ ಬುದ್ಧಿವಾದ. ಆದರೆ ಹೊಲ ಉಳುವವನೂ ಪಣವೊಡ್ಡುತ್ತಲೇ ಇರುತ್ತಾನೆಂಬುದನ್ನು ತೇನಿ, ಕಂಬಂ, ದಿಂಡಿಗಲ್ ಸೀಮೆಯ ಕನ್ನಡಿಗರಾದ ನಾವು ಬಲ್ಲೆವು. ಮಳೆಯ ಮೇಲೆ, ದ್ರಾಕ್ಷಿಯ ದರದ ಮೇಲೆ, ಕೊಳವೆಬಾವಿಯ ಮೇಲೆ ಪಣವಿಡದ ಒಕ್ಕಲು ಮನೆ ನಮ್ಮಲ್ಲಿ ಯಾವುದಿದೆ? ಆದುದರಿಂದ ಪಣವೊಡ್ಡುವುದೆಲ್ಲ ಪಾಪವೆಂದು ಹೇಳಿ ಮುಗಿಸುವಂತಿಲ್ಲ. ಕೇಳಬೇಕಾದ ಪ್ರಶ್ನೆ ಅದಕ್ಕಿಂತ ಕಠಿನವಾದುದು: ಕೈಯಲ್ಲಿ ಸ್ವಲ್ಪವೇ ಉಳಿದಿರುವಾಗ, ಎದುರಿನವನು ತನ್ನದೆಲ್ಲವನ್ನೂ ಮುಂದಿಟ್ಟು ನಮ್ಮನ್ನು ಕರೆದರೆ, ನಮ್ಮಲ್ಲಿ ಉಳಿದುದೆಲ್ಲವನ್ನೂ ಇಡುವುದು ಸರಿಯೆ?

ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಮುಂದಿಡುವುದು ಇಂದು ನಮ್ಮ ಯುವಕರು ಬಲ್ಲ ಪೋಕರ್ ಎಂಬ ಇಸ್ಪೀಟಾಟ. ಅದರ ಪಂದ್ಯಾವಳಿಯಲ್ಲಿ ಎಲ್ಲರೂ ಒಂದೇ ಪ್ರವೇಶಧನ ಕೊಟ್ಟು ಸಮನಾದ ಬಿಲ್ಲೆಗಳನ್ನು ಪಡೆಯುತ್ತಾರೆ. ಬಿಲ್ಲೆ ಮುಗಿದವನು ಎದ್ದು ಹೋಗಬೇಕು. ಕೊನೆಯವರೆಗೆ ಉಳಿದ ಕೆಲವರಿಗೆ ಮಾತ್ರ ಬಹುಮಾನ. ಸರದಿ ಬಂದಂತೆ ಪ್ರತಿಯೊಬ್ಬನೂ ಎಲೆ ನೋಡುವ ಮುನ್ನವೇ ಒಂದಿಷ್ಟು ಬಿಲ್ಲೆ ಇಡಬೇಕು; ಇದಕ್ಕೆ ಬ್ಲೈಂಡ್ ಎಂದು ಹೆಸರು. ಹೊತ್ತು ಹೋದಂತೆ ಈ ಕಡ್ಡಾಯದ ಮೊತ್ತ ಏರುತ್ತದೆ. ಹೀಗಾಗಿ ಕಡಿಮೆ ಬಿಲ್ಲೆ ಉಳಿದವನಿಗೆ ಸುಮ್ಮನೆ ಕಾಯುವುದೂ ನಷ್ಟವೇ. 4000 ಬಿಲ್ಲೆ ಇರುವವನು ಪ್ರತಿ ಸುತ್ತಿಗೆ 1000 ಮತ್ತು 500 ಇಡಬೇಕಾದರೆ ಮೂರು ಸುತ್ತು ಮುಗಿಯುವುದರೊಳಗೆ ಬರಿಗೈಯಾಗುತ್ತಾನೆ.

ಈಗ ಅವನು 1000 ಇಟ್ಟಾಗಿದೆ, ಪಕ್ಕದವನು ಇಟ್ಟ 500 ನಡುವೆ ಬಿದ್ದಿದೆ, ಮೂರನೆಯವನು ತನ್ನದೆಲ್ಲವನ್ನೂ ಮುಂದಕ್ಕೆ ತಳ್ಳಿದ್ದಾನೆ ಎನ್ನೋಣ. ಓಗೊಡಲು ನಮ್ಮವನು ಉಳಿದ 3000 ಇಡಬೇಕು. ಗೆದ್ದರೆ ಒಟ್ಟು 8500 ಅವನದು. ಭಾಗಿಸಿ ನೋಡಿದರೆ ನೂರಕ್ಕೆ ಸುಮಾರು 35 ಸಲ ಗೆಲ್ಲುವ ಸಂಭವವಿದ್ದರೂ ಓಗೊಡುವುದು ಲಾಭವೇ. ಇಲ್ಲಿ ಹಿಂಜರಿಯುವುದು ವಿವೇಕವಲ್ಲ, ಬರಿಯ ಭಯ.

ಇನ್ನೊಂದು ಸಂದರ್ಭ. ನಾಲ್ವರು ಉಳಿದಿದ್ದಾರೆ, ಬಿಲ್ಲೆಗಳು ಎಲ್ಲರಿಗೂ ಸಮ. ಬಹುಮಾನ ಮೂವರಿಗೆ: 50,000, 30,000, 20,000 ರೂಪಾಯಿ. ಪ್ರತಿಯೊಬ್ಬನ ಪಾಲಿನ ಬೆಲೆ ಸರಾಸರಿ 25,000. ಒಬ್ಬನು ಎಲ್ಲವನ್ನೂ ಇಟ್ಟು ಕರೆಯುತ್ತಾನೆ. ಓಗೊಟ್ಟು ಗೆದ್ದರೆ ಬಿಲ್ಲೆ ಎರಡರಷ್ಟಾಗುತ್ತದೆ. ಆದರೆ ಆ ಬಿಲ್ಲೆಗಳ ಬೆಲೆ 50,000 ಆಗುವುದಿಲ್ಲ. ಬಿಲ್ಲೆಗಳ ಪ್ರಮಾಣದಲ್ಲಿ ಗೆಲುವಿನ ಸಂಭವವನ್ನು ಹಂಚಿ ಲೆಕ್ಕ ಹಾಕಿದರೆ ಅದು ಸುಮಾರು 38,333 ಮಾತ್ರ. ಸೋತರೆ ಸೊನ್ನೆ. ಆದುದರಿಂದ ಇಲ್ಲಿ ಓಗೊಡಲು ನೂರಕ್ಕೆ 65 ಸಲವಾದರೂ ಗೆಲ್ಲುವ ಎಲೆಗಳಿರಬೇಕು. ಸಮಸಮ ಸಂಭವವೂ ಸಾಲದು.

ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಒಂದು ಮಾತು ತಿಳಿಯುತ್ತದೆ. ಗಳಿಸುವ ಬಿಲ್ಲೆಗೂ ಕಳೆದುಕೊಳ್ಳುವ ಬಿಲ್ಲೆಗೂ ಬೆಲೆ ಒಂದೇ ಅಲ್ಲ. ಕೊನೆಯ ಬಿಲ್ಲೆಯೊಡನೆ ಮುಂದಿನ ಅವಕಾಶಗಳೂ ಹೋಗುತ್ತವೆ. ಇನ್ನೂ ಒಂದು ಸಂಗತಿಯಿದೆ: ತಾನಾಗಿ ಎಲ್ಲವನ್ನೂ ಮುಂದಿಡುವವನಿಗೆ ಎರಡು ದಾರಿ, ಎದುರಾಳಿ ಹಿಂದೆಗೆದರೂ ಗೆಲುವು, ಎಲೆ ಚೆನ್ನಾಗಿದ್ದರೂ ಗೆಲುವು. ಕರೆಗೆ ಓಗೊಡುವವನಿಗೆ ಎಲೆಯೊಂದೇ ದಾರಿ. ಆದುದರಿಂದಲೇ ಕರೆಯುವುದಕ್ಕಿಂತ ಓಗೊಡುವುದಕ್ಕೆ ಹೆಚ್ಚಿನ ಬಲ ಬೇಕು.

ಧರ್ಮರಾಯನು ಮರೆತದ್ದು ಇದನ್ನೇ. ಗದುಗಿನ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಆ ಸಭೆ ಪರಿಚಿತ. ಕರೆದರೆ ಹಿಂದೆಗೆಯುವುದಿಲ್ಲವೆಂಬುದು ಅವನ ವ್ರತ. ಶಕುನಿಗೆ ಬೇಕಾದದ್ದೂ ಅದೇ. ಭಂಡಾರ ಹೋಯಿತು, ತಮ್ಮಂದಿರು ಹೋದರು, ತಾನೇ ಹೋದ. ಆಮೇಲೆ ದ್ರೌಪದಿಯನ್ನು ಇಟ್ಟ. ತನ್ನನ್ನು ತಾನು ಸೋತವನಿಗೆ ಮತ್ತೊಬ್ಬರನ್ನು ಇಡುವ ಅಧಿಕಾರ ಎಲ್ಲಿಂದ ಬಂತೆಂದು ಅವಳು ಕೇಳಿದಳು. ಭೀಷ್ಮನಂಥವನೂ ಅದಕ್ಕೆ ನೇರವಾದ ಉತ್ತರ ಕೊಡಲಿಲ್ಲ. ಕಳೆದುದೆಲ್ಲ ಮರಳಿ ದೊರೆತ ಮೇಲೂ ಅನುದ್ಯೂತದ ಕರೆ ಬಂದಾಗ ಅವನು ಮತ್ತೆ ಹೋಗಿ ಕುಳಿತನೆಂಬುದು ಇನ್ನೂ ಯೋಚಿಸಬೇಕಾದ ಮಾತು. ಅವನನ್ನು ಕೆಡಿಸಿದ್ದು ದುರಾಸೆಗಿಂತ ಹೆಚ್ಚಾಗಿ, ಒಲ್ಲೆನೆಂದರೆ ಹೇಡಿಯೆನಿಸಿಕೊಳ್ಳಬೇಕಾದೀತೆಂಬ ಅಂಜಿಕೆ.

ಕನಕದಾಸರು ಕನ್ನಡಕ್ಕೆ ತಂದ ನಳನ ಕಥೆ ಇದಕ್ಕೆ ಎದುರಾಗಿ ನಿಲ್ಲುತ್ತದೆ. ಮಹಾಭಾರತದ ನಳೋಪಾಖ್ಯಾನದಲ್ಲಿ ಎಲ್ಲವನ್ನೂ ಸೋತ ನಳನಿಗೆ ಪುಷ್ಕರನು, ಇನ್ನು ಉಳಿದವಳು ದಮಯಂತಿ, ಅವಳನ್ನು ಇಡು ಎನ್ನುತ್ತಾನೆ. ನಳನು ಮಾತಾಡದೆ ಒಡವೆಗಳನ್ನು ಕಳಚಿಟ್ಟು ಉಟ್ಟ ಬಟ್ಟೆಯಲ್ಲಿ ಹೊರಟುಬಿಡುತ್ತಾನೆ. ಆ ಮೌನ ಹೇಡಿತನವಲ್ಲ. ಮುಂದೆ ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತು, ತನ್ನ ಬಲವನ್ನರಿತು, ತಾನೇ ಕರೆದು ಗೆದ್ದ. ಆ ಮರುಪಂದ್ಯದಲ್ಲಿ ಅವನೂ ದಮಯಂತಿಯನ್ನು ಪಣದ ಮಾತಿಗೆ ಎಳೆದನೆಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ವಿದ್ಯೆ ಬಂದಮಾತ್ರಕ್ಕೆ ಇತರರ ಬಾಳನ್ನು ಪಣವಿಡುವ ಅಧಿಕಾರ ಬರುವುದಿಲ್ಲ. ಗೆದ್ದನೆಂಬುದೂ ಅದಕ್ಕೆ ಸಮರ್ಥನೆಯಾಗದು.

ನಮ್ಮ ಕಣಿವೆಗೆ ಬರೋಣ. ಕೊಳವೆಬಾವಿ 800 ಅಡಿ ಇಳಿದರೂ ಒಣದೂಳು ಬರುತ್ತಿದೆ. ಕೊರೆಯುವ ಯಂತ್ರದವನು ಇನ್ನೂ 200 ಅಡಿ ಹೋಗೋಣವೇ ಎಂದು ಕೇಳುತ್ತಾನೆ. ನಿಂತು ನೋಡುವವರೆಲ್ಲ ‘ಇಷ್ಟು ಹೋಗಿ ಬಿಡುವುದೆ?’ ಎನ್ನುತ್ತಾರೆ. ಕೈಯಲ್ಲಿ ಉಳಿದಿರುವುದು ಮಗಳ ಮದುವೆಗೆಂದು ತೆಗೆದಿಟ್ಟ ದುಡ್ಡು. ಆದ 800 ಅಡಿ ಮುಂದಿನ 200ಕ್ಕೆ ಕಾರಣವಾಗಬಾರದು. ಆ ಹಣ ಹೋಗಿಯಾಯಿತು. ಕೇಳಬೇಕಾದದ್ದು ಮೂರೇ: ಮುಂದೆ ನೀರಿನ ಸಂಭವ ಎಷ್ಟು? ನೀರು ಸಿಕ್ಕದಿದ್ದರೆ ನಾಳೆ ಬೆಳಗ್ಗೆ ಮನೆಯಲ್ಲಿ ಏನು ಉಳಿಯುತ್ತದೆ? ಈ ಹಣ ಇಡಲು ಮನೆಯವರು ಒಪ್ಪಿದ್ದಾರೆಯೆ?

ಎಲ್ಲವನ್ನೂ ಪಣವಿಟ್ಟವರನ್ನು ಈ ಕಣಿವೆ ಪೂಜಿಸಿಯೂ ಇದೆ. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟನ್ನು ಕಟ್ಟಿಸಿದ ಜಾನ್ ಪೆನ್ನಿಕ್ವಿಕ್ ಹಣ ಸಾಲದಾದಾಗ ತನ್ನ ಆಸ್ತಿಯನ್ನೇ ಮಾರಿದನೆಂದು ಇಲ್ಲಿಯ ಜನ ಹೇಳಿಕೊಳ್ಳುತ್ತಾರೆ. ಅವನ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. ಆ ಕಥೆಯನ್ನು ಜನ ಏಕೆ ಪ್ರೀತಿಸುತ್ತಾರೆ? ಮಾರಿದ್ದು ಅವನದೇ ಸ್ವತ್ತು, ಬಂದ ನೀರು ಊರಿನದು. ಜೂಜುಗಾರನ ಪಣದಲ್ಲಿ ಇದು ತಲೆಕೆಳಗು: ಗೆದ್ದರೆ ತನಗೆ, ಸೋತರೆ ಮನೆಮಂದಿಗೆ.

ಪೋಕರ್ ಪಂದ್ಯಾವಳಿಯಲ್ಲಿ ಒಂದು ಒಳ್ಳೆಯ ಗುಣವಿದೆ: ಒಮ್ಮೆ ಪ್ರವೇಶಧನ ಕೊಟ್ಟು ಮತ್ತೆ ಕೊಡದಿದ್ದರೆ, ಅದಕ್ಕಿಂತ ಹೆಚ್ಚು ಸೋಲಲಾಗದು. ಕೈಬೆರಳ ತುದಿಯ ಜೂಜಿಗೆ ಆ ಗಡಿಯಿಲ್ಲ. ಬಿಲ್ಲೆ ಮುಗಿದೊಡನೆ ಸಾಲ ತೆಗೆದು ಮತ್ತೆ ಕೊಳ್ಳಬಹುದು. ತಮಿಳುನಾಡು ಸರ್ಕಾರ 2022ರಲ್ಲಿ ಆನ್‌ಲೈನ್ ಜೂಜಿನ ವಿರುದ್ಧ ಕಾನೂನು ಮಾಡಿತು; ರಮ್ಮಿ, ಪೋಕರ್‌ಗಳು ಕೌಶಲದ ಆಟಗಳೆಂದು 2023ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅವುಗಳ ಮೇಲಿನ ನಿಷೇಧವನ್ನು ತೆಗೆಯಿತು; 2025ರಲ್ಲಿ ಸಂಸತ್ತು, ಕೌಶಲವಿರಲಿ ಅದೃಷ್ಟವಿರಲಿ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಕೌಶಲವೋ ಅದೃಷ್ಟವೋ ಎಂಬ ಚರ್ಚೆ ನ್ಯಾಯಾಲಯಕ್ಕೆ ಅಗತ್ಯ. ಮನೆಗೆ ಅಗತ್ಯವಾದ ಪ್ರಶ್ನೆ ಬೇರೆ. ಕುಶಲನಾದ ಆಟಗಾರನೂ ನೂರಕ್ಕೆ 35 ಸಲ ಸೋಲುವ ಕಡೆ, ಆ 35ರ ದಿನ ಮನೆಯಲ್ಲಿ ಉಣ್ಣುವವರು ಯಾರು?

ಆದುದರಿಂದ ನಮ್ಮ ನಿಲುವು ಇಷ್ಟು. ಇದ್ದುದೆಲ್ಲವನ್ನೂ ಇಡುವುದು ಕೆಲವೊಮ್ಮೆ ಸರಿ; ಕಾಯುವುದೇ ಸೋಲಾಗಿರುವಾಗ, ಸೋಲು ತನ್ನೊಬ್ಬನಲ್ಲಿಯೇ ನಿಲ್ಲುವಾಗ, ಅದು ಕರ್ತವ್ಯವೂ ಆದೀತು. ಆದರೆ ಗಡಿಯನ್ನು ಕುಳಿತುಕೊಳ್ಳುವ ಮುನ್ನವೇ ಗೆರೆಯೆಳೆದು ಇಟ್ಟಿರಬೇಕು. ಎಲೆ ಕೈಗೆ ಬಂದ ಮೇಲೆ ಎಳೆದ ಗೆರೆ ಮರಳಿನ ಮೇಲಿನದು. ಕರೆದವನ ಅವಸರ ನಮ್ಮ ಅವಸರವಾಗಬೇಕಾಗಿಲ್ಲ. ನಮ್ಮ ಮಕ್ಕಳಿಗೆ ಶೂರರಾಗಿ ಎಂದು ಹೇಳುವುದರ ಜೊತೆಗೆ, ನಾಲ್ಕು ಜನರ ನಡುವೆ ‘ಒಲ್ಲೆ’ ಎಂದು ಎದ್ದುಬರುವುದನ್ನೂ ಮನೆಯಲ್ಲಿ, ಮನೆಯ ಮಾತಿನಲ್ಲಿ, ಕಲಿಸೋಣ.