ಸೋತವನ ತಿದ್ದುಪಡಿ

ತಲೆ ನರೆತವನು ಬೊಂಬೆಗಳೊಡನೆ ಆಡುತ್ತಾನೆಂದು ನಗುವವರು ನಗಲಿ. ಭಾನುವಾರ ಊಟವಾದ ಮೇಲೆ ನಮ್ಮ ಮನೆಯ ಮೇಜು ರಣರಂಗವಾಗುತ್ತದೆ. ಒಂದಂಗುಲ ಎತ್ತರದ ಲೋಹದ ಸಿಪಾಯಿಗಳು, ಸುತ್ತಿಟ್ಟ ಟವಲಿನ ಗುಡ್ಡಗಳು, ಎರಡು ದಾಳ. ಎದುರಾಳಿ ನನ್ನ ಅಕ್ಕನ ಮಗ, ಕಾಲೇಜಿಗೆ ಹೋಗುವ ಹುಡುಗ. ನಿಯಮಗಳನ್ನು ಬರೆದವನು ನಾನೇ. ಆ ನೋಟ್‌ಬುಕ್ಕಿನಲ್ಲಿ ಉಳಿದ ಸಾಲುಗಳಿಗಿಂತ ಹೊಡೆದುಹಾಕಿದ ಸಾಲುಗಳೇ ಹೆಚ್ಚು.

ಇದಕ್ಕೆ ನನಗೆ ಹಿರಿಯರ ಆಸರೆಯೂ ಉಂಟು. ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು 1913ರಲ್ಲಿ ಪ್ರಕಟಿಸಿದ ಎಚ್. ಜಿ. ವೆಲ್ಸ್, ಆಡುತ್ತ ಆಡುತ್ತ ತನ್ನ ನಿಯಮಗಳು ಹೇಗೆ ಬೆಳೆದುವೆಂಬುದನ್ನು ತಾನೇ ಹೇಳಿದ್ದಾನೆ. ಆರು ಅಂಗುಲದೊಳಗೆ ತನ್ನ ಕಡೆಯ ನಾಲ್ವರಾದರೂ ಇದ್ದರೆ ಮಾತ್ರ ಫಿರಂಗಿ ಹಾರಿಸಬಹುದು ಎಂಬುದು ಅಲ್ಲಿಯ ಒಂದು ನಿಯಮ. ಒಳ್ಳೆಯ ನಿಯಮವೇ. ಆದರೆ ಅದು ಹೊಳೆದದ್ದು ಗೆದ್ದ ಸಂಜೆಯೋ ಸೋತ ಸಂಜೆಯೋ ಎಂದು ಈಚೆಗೆ ನಾನು ಯೋಚಿಸುತ್ತಿದ್ದೇನೆ. ಅದಕ್ಕೆ ಕಾರಣವಿದೆ.

ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಸರಿಸುತ್ತ ಕುಳಿತರೆ ಕತ್ತಲಾಗುತ್ತದೆ. ಆದ್ದರಿಂದ ಮೂವರನ್ನು ಒಂದು ರಟ್ಟಿನ ಪೀಠಕ್ಕೆ ಅಂಟಿಸುತ್ತೇವೆ. ಶತ್ರುವಿಗೆ ತಾಗಿ ನಿಂತ ಪೀಠವೊಂದಕ್ಕೆ ಒಂದು ಸಲ ದಾಳ ಹಾಕುವುದು ನನ್ನ ನಿಯಮ. ಪೀಠ ಎಷ್ಟು ಅಗಲವಿರಬೇಕೆಂದು ಮಾತ್ರ ನಾನು ಬರೆದಿರಲಿಲ್ಲ. ನನ್ನವು 60 ಮಿಲಿಮೀಟರು. ಎಲ್ಲರವೂ ಹಾಗೇ ಎಂದುಕೊಂಡಿದ್ದೆ. ಹುಡುಗ ತನ್ನ ಸೈನ್ಯವನ್ನು 40 ಮಿಲಿಮೀಟರಿಗೆ ಕತ್ತರಿಸಿ ಅಂಟಿಸಿದ. 120 ಮಿಲಿಮೀಟರಿನ ಕಣಿವೆಯಲ್ಲಿ ನನ್ನ ಎರಡು ಪೀಠಗಳೆದುರು ಅವನ ಮೂರು ನಿಂತುವು. ಮೂರು ಭಾನುವಾರ ಸೋತೆ. ನಾಲ್ಕನೆಯ ವಾರ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಕೂಡಿತು: ಪೀಠದ ಅಗಲ 60 ಮಿಲಿಮೀಟರೇ ಇರತಕ್ಕದ್ದು.

"ನಿಯಮದ ಉದ್ದೇಶವೇ ಅದಾಗಿತ್ತು" ಎಂದೆ.

ಹುಡುಗ ವಾದ ಮಾಡಲಿಲ್ಲ. "ಮಾವ, ನಾನು ಸೋತಿದ್ದರೂ ನಿಮಗೆ ಈ ಉದ್ದೇಶ ನೆನಪಾಗುತ್ತಿತ್ತೆ?" ಎಂದಷ್ಟೇ ಕೇಳಿದ.

ಉತ್ತರ ನನ್ನಲ್ಲಿರಲಿಲ್ಲ. ನಿಯಮದಲ್ಲಿ ದೋಷವಿದ್ದದ್ದು ನಿಜ. ಸೋತವನ ಕಣ್ಣಿಗೇ ದೋಷ ಮೊದಲು ಕಾಣುವುದೂ ಸಹಜ. ಗೆದ್ದವನಿಗೆ ಅದನ್ನು ಹುಡುಕುವ ದರ್ದಾದರೂ ಏನು? ಸೋತವನು ಹೇಳಿದನೆಂಬ ಕಾರಣಕ್ಕೆ ಸತ್ಯ ಸುಳ್ಳಾಗದು. ಇಷ್ಟರವರೆಗೆ ನನ್ನ ಪಕ್ಷ ಗಟ್ಟಿ. ಆದರೆ ನಮ್ಮ ಮೇಜಿನ ಬಳಿ ಶಾಸನ ಬರೆಯುವವನು ನಾನು, ಅರ್ಥ ಹೇಳುವ ನ್ಯಾಯಾಧೀಶನೂ ನಾನು, ವ್ಯಾಜ್ಯದ ಒಬ್ಬ ಕಕ್ಷಿಯೂ ನಾನೇ. ಪ್ರಷ್ಯದ ರೈಸ್‌ವಿಟ್ಸ್ 1824ರಲ್ಲಿ ತನ್ನ ಯುದ್ಧದಾಟದ ನಿಯಮ ಪ್ರಕಟಿಸಿದಾಗ ಎರಡು ಪಕ್ಷಕ್ಕೂ ಸೇರದ ಪಂಚನೊಬ್ಬನನ್ನು ನಡುವೆ ಕೂರಿಸಿದ್ದ. ಮುಂದೆ 1876ರಲ್ಲಿ ಫೆರ್ಡಿ ದು ವೆರ್ನುವಾ ಎಂಬ ಸೇನಾಧಿಕಾರಿ ಕೋಷ್ಟಕಗಳನ್ನೆಲ್ಲ ಬದಿಗಿಟ್ಟು ತೀರ್ಮಾನವನ್ನು ಆ ಪಂಚನ ಅನುಭವಕ್ಕೇ ಬಿಟ್ಟ. ಅವರಿಗೆ ಪಂಚ ಸಿಕ್ಕ. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಇರುವವಳು ನನ್ನ ಹೆಂಡತಿ. ಅವಳ ಏಕೈಕ ತೀರ್ಪು, ಆರು ಗಂಟೆಗೆ ಮೇಜು ಖಾಲಿಯಾಗಬೇಕು.

ಇನ್ನೊಂದು ಮಾತು. ನಾನು ಗೀಚಿದ್ದು ಒಂದು ಸಾಲು. ಅವನು ಕೀಳಬೇಕಾದದ್ದು 36 ಪೀಠ. ಬರೆಯುವವನಿಗೆ ನಿಯಮವೆಂದರೆ ಶಾಯಿ; ಅದನ್ನು ನಂಬಿ ಬದುಕು ಕಟ್ಟಿಕೊಂಡವನಿಗೆ ಅದು ಒಣಗಿದ ಅಂಟು. ನಾನು ಮೌನವಾಗಿದ್ದ ಕಡೆ ಅವನು ಅಂಟಿಸಿದ. ಅದನ್ನು ಮೋಸ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ರಾತ್ರಿ ನಿದ್ದೆ ಬಾರದೆ ಹೊರಳುವಾಗ ಬೇರೆ ದಾರಿ ಹೊಳೆಯಿತು. ಒತ್ತೊತ್ತಾಗಿ ನಿಂತವರು ಕೈಗೆ ಕೈ ಹತ್ತುವಾಗ ಬಲಶಾಲಿಗಳೇ ಸರಿ. ಆದರೆ ಫಿರಂಗಿಯ ಒಂದೇ ಗುಂಡಿಗೆ ಹೆಚ್ಚು ಮಂದಿ ಬೀಳುತ್ತಾರೆ. ಕಿರಿಯ ಪೀಠ ಹಾಗೇ ಇರಲಿ. ಗುಂಡು ತಗುಲಿದಾಗ ಅದರ ಪಾಲಿಗೆ ಒಂದು ದಾಳ ಹೆಚ್ಚು. ಅವನು ಕಟ್ಟಿದ್ದನ್ನು ಕೆಡವಬೇಕಿಲ್ಲ, ಅದಕ್ಕೆ ತಕ್ಕ ಬೆಲೆ ತೆತ್ತರಾಯಿತು. ಸೋಲುವ ಮೊದಲೇ ಇದು ಹೊಳೆಯಬಾರದಿತ್ತೆ!

ಬೆಳಗ್ಗೆ ಅಕ್ಕನ ಮನೆಗೆ ಹೋದೆ. ಹುಡುಗ ಆಗಲೇ ಹದಿನಾಲ್ಕು ಪೀಠಗಳನ್ನು ಫೆವಿಕಾಲ್ ಮೆತ್ತಗಾಗಲೆಂದು ಬೋಗುಣಿಯ ನೀರಿನಲ್ಲಿ ನೆನೆಹಾಕಿ, ಚಾಕುವಿನಿಂದ ಒಬ್ಬೊಬ್ಬರನ್ನೇ ಬಿಡಿಸುತ್ತಿದ್ದ. ಬಾವುಟ ಹಿಡಿದವನ ಕಾಲು ಹರಡಿನ ಬಳಿ ಮುರಿದಿತ್ತು. ಹೊಸ ನಿಯಮ ಹೇಳಿದೆ. ಅವನು ಬೋಗುಣಿಯನ್ನು ನೋಡಿದ, ನನ್ನನ್ನು ನೋಡಿದ. ಕುರ್ಚಿ ಎಳೆದುಕೊಂಡು ಕುಳಿತೆ. ಹದಿನಾಲ್ಕನ್ನೂ ಇಬ್ಬರೂ ಸೇರಿ ಮತ್ತೆ 40 ಮಿಲಿಮೀಟರಿನ ರಟ್ಟಿಗೇ ಅಂಟಿಸಿದೆವು. ಬಾವುಟದವನನ್ನು ನಾನೇ ಕೂರಿಸಿದೆ. ಸ್ವಲ್ಪ ವಾಲಿಕೊಂಡು ನಿಂತಿದ್ದಾನೆ.